‘ಲು’ ಅಕ್ಷರದ ಬೆನ್ನ ಹತ್ತಿ ಫಿನ್‌ಲ್ಯಾಂಡ್ ಮುಟ್ಟಿದ ಕತಿ

ನಮ್ಮಣ್ಣಗ ಹೆಣ್ಣ ಕೂಸು ಹುಟ್ಟೈತ್ರಿ. ಹುಟ್ಟಿದ ಮೂರನೇ ದಿನಕ್ಕ ಐನೋರು ಬಂದ್ರು, ಪಂಚಾಂಗ ತಗದ್ರು, ಬಟ್ಟ ಎಣಿಸಿದ್ರು, ‘ಭರಣಿ ನಕ್ಷತ್ರ, ಎರಡನೇ ಪಾದ, ಅಕ್ಷರ ಲು ಬರತೈತಿ ನೋಡ್ರಿ’ ಅಂತ ಹೇಳಿ ಚಾ ಕುಡುದು ಎದ್ದು ಹೋದ್ರು. ಅವರೇನ ಹೋದ್ರು, ‘ಲು’ ನಮ್ಮನ್ಯಾಗ ಉಳೀತು. ನೀವ ಒಂದ ನಿಮಿಷ ಕಣ್ಣ ಮುಚ್ಚಿ ‘ಲು’ದಿಂದ ಒಂದ ಹೆಣ್ಣ ಹೆಸರು ಹೇಳ್ರಿ ನೋಡೋಣ. ಲುಂಬಿನಿ. ಹೂಂ, ಇನ್ನೊಂದು? ಅಲ್ಲೇ ನಿಂತಿದ್ವಿ ನಾವೂ. ಒಂದು ಪಾದ ಅಂದ್ರ ಹೆಚ್ಚುಕಡಿಮಿ ಆರ ತಾಸು, ಇಕಿ ಆರ ತಾಸು ಮೊದಲ ಬಂದಿದ್ರ ‘ಲಿ’ ಬಂದು ಲಿಖಿತಾ ಆಗತಿದ್ಲು, ಆರ ತಾಸು ತಡಾ ಮಾಡಿದ್ರ ‘ಲೇ’ ಬಂದು ಲೇಖಾ ಆಗತಿದ್ಲು, ನಡುವ ಬಂದು ಸಿಕ್ಕೊಂಡಾಳ.

ಲುಂಬಿನಿ ಯಾಕ ಬ್ಯಾಡ ಅಂದ್ರ, ಓಣ್ಯಾಗ ಲಂಬೂ ಲಂಬೂ ಅಂತಾರ ಅಂತ ಅಣ್ಣನ ತಕರಾರು. ನೆಟ್‌ನ್ಯಾಗ ಹುಡುಕಿದ್ರ ಲೂಸಿ, ಲೂನಾ, ಲುಲು. ಲೂಸಿ ಅಂದ್ರ ಸಾಲ್ಯಾಗ ಲೂಸ್ ಅಂತಾರ ಅಂತ ವೈನಿ ತಗದ ಹಾಕಿದ್ಲು. ಲೂನಾ ಅಂದ ಕೂಡ್ಲೇ ನಮ್ಮಪ್ಪ ನಕ್ಕ ನಕ್ಕ ಸಾಯೂದೊಂದ ಬಾಕಿ, ಯಾಕಂದ್ರ ನಮ್ಮ ಕಾಕಾ ಒಬ್ಬಾಂವ ಹತ್ತ ವರ್ಷ ಲೂನಾ ಗಾಡಿ ಹೊಡದಾನ, ಪೆಟ್ರೋಲ್ ತೀರಿದಾಗ ಕೆಲಗೇರಿ ಏರಿಗೆ ಪೆಡಲ್ ತುಳಕೋತ ಬೆವರ ಒರಸ್ಕೋತ ಬರತಿದ್ನಂತ, ಆ ಹೆಸರು ಕೂಸಿಗಿಟ್ರ ಕಾಕಾ ಬಂದಾಗೆಲ್ಲಾ ಅದ ಕತಿ.

ಈಗ ಫಿನ್‌ಲ್ಯಾಂಡ್ ಎಲ್ಲಿಂದ ಬಂತು ಹೇಳ್ತೀನಿ. ನಾನು ಧಾರವಾಡದಿಂದ ದಿನಾ ಚಿಗರಿ ಬಸ್ಸಿನ್ಯಾಗ ಹುಬ್ಬಳ್ಳಿಗೆ ಕೆಲಸಕ್ಕ ಹೋಗಿ ಬರಾಕಿ. ನಮ್ಮ ಆಫೀಸಿನ ಕೆಲಸದಾಗ ಅರ್ಧ ಫಿನ್‌ಲ್ಯಾಂಡ್ ಮಂದೀದು. ವಾರಕ್ಕೆರಡ ಸಲ ಕಾಲ್ ಇರತೈತಿ, ಆ ಕಡೆಯಿಂದ ಒಬ್ಬಾಕಿ ಹೆಣ್ಮಗಳು ಮಾತಾಡ್ತಾಳ, ಭಾಳ ಕಡಿಮಿ ಮಾತಿನಾಕಿ. ಕೆಲಸ ಮುಗದ ಮ್ಯಾಲ ಸುಮ್ನ ಚಾಷ್ಟೀಗೆ ಕೇಳಿದೆ, ನಿಮ್ಮ ಕಡೆ ‘ಲು’ದಿಂದ ಹುಡಿಗ್ಯಾರ ಹೆಸರು ಏನರ ಅದಾವೇನ ಅಂತ. ಆಕಿ ಒಂದ ಸೆಕೆಂಡ್ ವಿಚಾರ ಮಾಡ್ಲಿಲ್ಲ. ‘ಲುಮಿ’ ಅಂದ್ಲು. ಲುಮಿ ಅಂದ್ರ ಅವರ ಭಾಷಾದಾಗ ಹಿಮ. ಮಳಿಯಂಗ ಬೀಳೂ ಬೆಳ್ಳನ ಹಿಮ, ಅಷ್ಟ. ಆಮ್ಯಾಲ ನಾನ ಹತ್ತ ಪ್ರಶ್ನೆ ಕೇಳಿದೆ, ರಾತ್ರಿ ಬಸ್ಸಿನ್ಯಾಗ ಕುಂತು ಓದಿದೆ, ನವನಗರ ಸ್ಟಾಪ್ ಯಾವಾಗ ದಾಟಿತೋ ಗೊತ್ತಾಗಲಿಲ್ಲ.

ಮನಿಗೆ ಬಂದು ಆಯಿ ಮುಂದ ಹೇಳಿದೆ. ನಮ್ಮ ಆಯಿಗೆ ಎಂಬತ್ತರ ಮ್ಯಾಲ ವಯಸ್ಸು, ಹಿಮ ಅಂದ್ರ ಟಿವ್ಯಾಗ ಕೇದಾರನಾಥ, ಬರ್ಫ ಅಂದ್ರ ಬಣ್ಣದ ನೀರ ಹಾಕಿ ಕೊಡೂ ಗಾಡಿ. ‘ಬರ್ಫ ಕರಗಿ ಹೋಗತೈತಲ್ಲ ತಂಗಿ, ಕರಗೂ ಹೆಸರ ಯಾಕ ಕೂಸಿಗೆ’ ಅಂದ್ಲು. ಅಲ್ಲಿ ಉತ್ತರದ ಕಡೆ ಆರ ತಿಂಗಳ ತನಕ ಕರಗಂಗಿಲ್ಲ ಆಯಿ ಅಂದೆ. ಆರ ತಿಂಗಳು! ಅಂತ ಬಾಯಿಗೆ ಸೆರಗ ಹಿಡಕೊಂಡ್ಲು. ನಾವ ಸಣ್ಣವರಿದ್ದಾಗ ಒಮ್ಮೆ ಅಕ್ಕತದಗಿ ಮುಂದ ಆಣಿಕಲ್ಲ ಮಳಿ ಆಗಿತ್ತು, ಇದ ಆಯಿ ಅಂಗಳಕ್ಕ ಓಡಿ ಸೆರಗಿನ್ಯಾಗ ಆಣಿಕಲ್ಲ ಆರಿಸಿ ತಂದು ನಮ್ಮ ಬಾಯಾಗ ಒಂದೊಂದ ಹಾಕಿದ್ಲು, ಹಲ್ಲು ಝುಂ ಅಂದಿದ್ದು ಇನ್ನೂ ನೆನಪೈತಿ. ಅದನ್ನ ನೆನಪ ಮಾಡಿದೆ. ‘ಹಂಗಾರ ಇರ್ಲಿ, ನೋಡೂಣು’ ಅಂದ್ಲು. ನಮ್ಮ ಆಯಿ ನೋಡೂಣು ಅಂದ್ರ ಅರ್ಧ ಒಪ್ಪಿದಂಗ.

ಫಿನ್‌ಲ್ಯಾಂಡ್ ಅಂದ್ರ ದೊಡ್ಡ ದೇಶೇನಲ್ಲ ಮತ್ತ, ಮಂದಿ ಲೆಕ್ಕದಾಗ. ಎಲ್ಲಾ ಕೂಡಿ ಹತ್ರಹತ್ರ 56 ಲಕ್ಷ. 2011ರ ಜನಗಣತ್ಯಾಗ ನಮ್ಮ ಧಾರವಾಡ ಜಿಲ್ಲಾ ಒಂದ 18 ಲಕ್ಷದ ಮ್ಯಾಲಿತ್ತು, ಅಂದ್ರ ಇಂಥಾ ಮೂರ ಜಿಲ್ಲಾ ಕೂಡಿಸಿದ್ರ ಆ ದೇಶ ಆತು. ಆದ್ರ ಕೆರಿ ಮಾತ್ರ ಒಂದ ಲಕ್ಷ 88 ಸಾವಿರ ಅಂತ ಎಣಿಸ್ಯಾರ, ಉಳದದ್ದೆಲ್ಲಾ ಅಡವಿ. ಹಂಗಾಗಿ ಹೆಸರೂ ಕೆರಿ ಅಡವ್ಯಾಗಿಂದ ಎತ್ತಿ ತಂದಂಗ ಅದಾವ. ತೂಲಿ ಅಂದ್ರ ಗಾಳಿ. ಪಿಲ್ವಿ ಅಂದ್ರ ಮೋಡ. ಮೆರಿ ಅಂದ್ರ ಸಮುದ್ರ. ಆಮು ಮುಂಜಾನಿ, ಇಲ್ತಾ ಸಂಜಿ. ತಾಯ್ಮಿ ಅಂದ್ರ ಸಸಿ, ನಾವು ಮೆಣಸಿನಕಾಯಿ ಅಗಿ ಹಚ್ತೀವಲ್ಲ ಅದ. ಪಿಹ್ಲಾ ಅನ್ನೂದು ಪಿಹ್ಲಾಯಾ ಅನ್ನೂ ಗಿಡದ ಹೆಸರಿಂದ ಬಂದೈತಿ, ಕೆಂಪ ಹಣ್ಣ ಗೊಂಚಲ ಗೊಂಚಲ ಬಿಡತಾವ, ಹಿಂದಿನ ಮಂದಿ ಅದನ್ನ ಪವಿತ್ರ ಗಿಡ ಅಂತ ಮನಿ ಮುಂದ ಇಟ್ಕೋತಿದ್ರಂತ, ನಮ್ಮ ಬನ್ನಿ ಗಿಡ ಇದ್ದಂಗ ಅನ್ಕೋರಿ. ಕಿಯೆಲೊ ಅಂತ ಒಂದ ಹೂ, ಸಣ್ಣ ಸಣ್ಣ ಬೆಳ್ಳನ ಗಂಟಿ ಜೋತ ಬಿದ್ದಂಗ ಇರತೈತಿ, ಆ ದೇಶದ ರಾಷ್ಟ್ರೀಯ ಹೂ, ಹುಡಿಗ್ಯಾರಿಗೂ ಅದ ಹೆಸರು. ಆದ್ರ ಆ ಗಿಡ ಬೇರಿಂದ ಹೂವಿನ ತನಕ ವಿಷ! ಇದನ್ನ ಹೇಳಿದಾಗ ಆಯಿ ಅಂದಿದ್ದು, ‘ಅಂದ್ರ ನಾವು ಕೂಸಿಗೆ ಕಣಗಲವ್ವ ಅಂತ ಹೆಸರ ಇಟ್ಟಂಗ ಆತು.’

ಸುವಿ ಅಂದ್ರ ಬ್ಯಾಸಗಿ. ಇದಂತೂ ಆಯಿಗೆ ಭಾರೀ ಹಿಡಿಸ್ತು, ಯಾಕಂದ್ರ ಕೇಳಾಕ ನಮ್ಮ ಕುಟ್ಟೂ ಪದದ ಸುವ್ವಿ ಇದ್ದಂಗ. ಆಕಿ ಅಲ್ಲೇ ಕುಂತಲ್ಲೇ ಕೈ ಒನಕಿ ಹಿಡದಂಗ ಮಾಡಿ ಸುವ್ವಿ ಸುವ್ವಿ ಅಂತ ಸುರು ಮಾಡಿದ್ಲು. ಬ್ಯಾಸಗಿಗೆ ಅಲ್ಲಿ ಮಂದಿ ಕುಣದಾಡ್ತಾರಂತ, ಹಂಗಾಗಿ ಆ ಹೆಸರು ಸಂತೋಷದ ಹೆಸರು. ನಮ್ಮಲ್ಲಿ ಮಗಳಿಗೆ ಬ್ಯಾಸಗಿ ಅಂತ ಯಾರ ಇಟ್ಟಾರ್ರಿ, ಏಪ್ರಿಲ್‌ನ್ಯಾಗ ಗದಗ ರೋಡಿನ ಮ್ಯಾಲ ನಿಂತ ನೋಡ್ರಿ ಗೊತ್ತಾಗತೈತಿ.

ನನಗ ಇದೆಲ್ಲಾದಕ್ಕಿಂತ ಮಜಾ ಅನಸಿದ್ದು ಬ್ಯಾರೇನ. ಈ ಹೆಸರು ಇಂಗ್ಲಿಷ್ ಅಕ್ಷರದಾಗ ಓದಿದ್ರ ಕೆಡತಾವ, ಕನ್ನಡದಾಗ ಬರದ್ರ ಸರಳ ಕುಂದರತಾವ. ಅವರದೂ ನಮ್ಮಂಗ, ಹ್ರಸ್ವ ಬ್ಯಾರೆ ದೀರ್ಘ ಬ್ಯಾರೆ, ಒತ್ತು ಬ್ಯಾರೆ. ‘ತಪಾನ್ ಸಿನುತ್’ ಅಂದ್ರ ನಿನ್ನ ಭೇಟಿ ಆಗತೀನಿ, ‘ತಪನ್ ಸಿನುತ್’ ಅಂದ್ರ ನಿನ್ನ ಕೊಲ್ಲತೀನಿ. ಒಂದ ದೀರ್ಘ! ನಮಗ ಇದೇನ ಹೊಸಾದಲ್ಲ, ಬಲ ಅಂದ್ರ ಒಂದು, ಬಾಲ ಅಂದ್ರ ಇನ್ನೊಂದು, ಬಲ್ಲ ಅಂದ್ರ ಮತ್ತೊಂದು. ಇಂಗ್ಲಿಷ್ ಓದಿದವರು ಇಲ್ಲೇ ಜಾರೂದು. ಓ ಅಕ್ಷರ ಎರಡ ಸಲ ಬರದು ಮುಂದ ಎನ್, ಎ ಹಾಕಿರೂ ಹೆಸರೊಂದ ಐತಿ, ನಾವು ಅದನ್ನ ಊನಾ ಅಂತ ಓದತೀವಿ, ಊನ ಅಂದ್ರ ಕೂಸಿಗೆ ಏನೋ ಕೊರತಿ ಐತಿ ಅಂದಂಗ. ಖರೇ ಅಂದ್ರ ಅದು ಓನಾ. ಜೆ ಅಂತ ಬರದಲ್ಲೆಲ್ಲಾ ‘ಯ’ ಅನ್ನಬೇಕು, ಹಂಗಾಗಿ 2000ದಿಂದ 2012ರ ತನಕ ಅಲ್ಲಿ ರಾಷ್ಟ್ರಪತಿ ಇದ್ದಾಕಿ, ಆ ದೇಶದ ಮೊದಲ ಮಹಿಳಾ ರಾಷ್ಟ್ರಪತಿ, ತರ್ಜಾ ಅಲ್ಲ, ತರ್ಯಾ ಹಾಲೊನೆನ್. ಮರ್ಯಾ ಅನ್ನೂದೂ ಹಂಗ, ಅಂದ್ರ ಸಣ್ಣ ರಸದ ಹಣ್ಣು, ನಮ್ಮ ಕವಳಿಹಣ್ಣು ಬಾರಿಹಣ್ಣಿನ ಜಾತಿ ಅನ್ಕೋರಿ, ಜೊತಿಗೆ ಮರಿಯಾದ ಸಣ್ಣ ರೂಪಾನೂ ಹೌದು.

ಇನ್ನ ಪ್ಯಾಯ್ವಿ ಅಂತ ಒಂದೈತಿ, ಹಗಲು ಅನ್ನೂ ಶಬ್ದದಿಂದ ಬಂದದ್ದು. ಅದರಾಗಿನ ‘ಪ್ಯಾ’ ಬೆಂಗಳೂರವರಿಗೆ ಬರಾಂಗಿಲ್ಲ, ನಮಗ ಬರತೈತಿ, ಯಾಕಂದ್ರ ನಾವು ಹುಟ್ಟಿದಾಗಿಂದ ಪ್ಯಾಟಿ, ಬ್ಯಾಡ, ಹ್ಯಾಂಗ ಅಂತ ಅನಕೋತ ಬಂದೀವಿ. ಇದನ್ನ ಕಾಲ್‌ನ್ಯಾಗ ಆ ಹೆಣ್ಮಗಳಿಗೆ ಅಂದ ತೋರಿಸಿದೆ, ಎಷ್ಟೋ ಮಂದಿಗೆ ಬರದ ಸ್ವರ ನಿನಗ ಹೆಂಗ ಬಂತು ಅಂದ್ಲು. ಧಾರವಾಡ ಅಂದೆ.

ಕೆಲವ ಹೆಸರಂತೂ ಇಲ್ಲೇ ನಮ್ಮ ಅಂಗಳದಾಗ ಹುಟ್ಟಿದಂಗ ಅದಾವ. ಸರಿ ಅಂತ ಒಂದ ಹೆಸರು. ಖರೇನ ರೀ, ಉಚ್ಚಾರ ಸರಿ ಅಂತನ, ಸಾರಾ ಅನ್ನೂ ಹೀಬ್ರೂ ಹೆಸರಿನ ರೂಪ ಅದು, ಅರ್ಥ ರಾಜಕುಮಾರಿ. ಒಂದ ಕಾಲದಾಗ ಭಾಳ ನಡದಿತ್ತಂತ. ಅಕಸ್ಮಾತ್ ಇಲ್ಲಿ ಇಟ್ರ ‘ನಿನ್ನ ಹೆಸರೇನ’ ‘ಸರಿ’ ‘ಏನ ಸರಿ, ಹೆಸರ ಹೇಳ’ ಅಂತ ಸಾಲ್ಯಾಗ ದಿನಾ ರಾಮಾಯಣ. ಮರಿ ಅಂತ ಇನ್ನೊಂದು, ಮರಿಯಾದಿಂದ ಬಂದದ್ದು, ನಾವು ಹೆಂಗೂ ಎಲ್ಲಾ ಕೂಸಿಗೂ ಮರಿ ಅಂತನ ಕರೀತೀವಿ. ಕತಿ ಅಂತ ಐತಿ, ಅದು ಕತರೀನಾದ ಸಣ್ಣ ರೂಪ. ಮತ್ತ ನಾವು ಯಾವುದಕ್ಕ ಕತಿ ಅಂತೀವಲ್ಲ ಆ ಅರ್ಥ ಬರೂ ಹೆಸರು ಸತು, ಅಜ್ಜಿ ಹೇಳೂ ಕಟ್ಟುಕತಿ ಅಂತ ಅರ್ಥ. ಕುಕ್ಕಾ ಅಂದ್ರ ಹೂ. ಇದನ್ನ ಮಾತ್ರ ವೈನಿ ಮುಂದ ಹೇಳಬಾರದಿತ್ತು, ಆಕಿ ತೆಲುಗು ಸಿನಿಮಾ ನೋಡಾಕಿ, ತೆಲುಗಿನ್ಯಾಗ ಕುಕ್ಕ ಅಂದ್ರ ನಾಯಿ. ಇಂಪಿ ಅಂದ ಕೂಡ್ಲೇ ನನಗ ಇಂಪು ನೆನಪಾತು, ಭಾಳ ಛಲೋ ಐತಲ್ಲ ಅನ್ಕೊಂಡೆ, ಅಲ್ಲಿ ಅರ್ಥ ಕನ್ಯಾ. ನೂರ ವರ್ಷದ ಹಿಂದ ನಡೀತಿತ್ತಂತ, ಈಗಿನ ಹುಡಿಗ್ಯಾರಿಗೆ ಇಟ್ರ ನಗತಾರಂತ.

ಈಗ ಐನೊ. ಫಿನ್‌ಲ್ಯಾಂಡ್ ಹೆಣ್ಣ ಹೆಸರು ಅಂದ್ರ ಮೊದಲ ಬರೂದ ಇದು. ಆಯಿಗೆ ಕೇಳಿಸಿದ್ದು ಐನೋರು. ‘ಐನೋರ ಹೆಸರ ಕೂಸಿಗ್ಯಾಕ?’ ಅಂದ್ಲು. ತಿಳಿಸಿ ಹೇಳಾಕ ಹೋಗಿ ಪೂರಾ ಕತೀನ ಹೇಳಬೇಕಾತು. ಎಲಿಯಾಸ್ ಲೊನ್‌ರೊತ್ ಅಂತ ಒಬ್ಬಾಂವ ಡಾಕ್ಟರ್, ಊರೂರು ಅಡ್ಡಾಡಿ ಹಳ್ಳಿ ಮಂದಿ ಹಾಡೂ ಪದಾ ಬರಕೊಂಡು, ಅವನ್ನೆಲ್ಲಾ ಹೆಣದು 1835ರಾಗ ‘ಕಲೆವಲಾ’ ಅನ್ನೂ ಮಹಾಕಾವ್ಯ ಮಾಡಿದ, 1849ರಾಗ ಅದನ್ನ ಇನ್ನೂ ದೊಡ್ಡದ ಮಾಡಿದ. ಜನಪದ ಹಾಡಿನ್ಯಾಗ ‘ಐನೊ’ ಅಂದ್ರ ಹೆಸರಲ್ಲ, ‘ಇರೂ ಒಬ್ಬಾಕೀನ ಮಗಳು’ ಅನ್ನೂದ್ರಾಗಿನ ‘ಒಬ್ಬಾಕೀನ’ ಅನ್ನೂ ಶಬ್ದ. ಅದನ್ನ ಎತ್ತಿ ಒಬ್ಬಾಕಿ ಹುಡಿಗೀಗೆ ಹೆಸರ ಮಾಡಿಬಿಟ್ಟ. ಆ ಹುಡಿಗಿ ಅಣ್ಣ ಹಾಡಿನ ಪಂದ್ಯಾದಾಗ ಸೋತು, ಜೀವ ಉಳಿಸ್ಕೊಳ್ಳಾಕ ತಂಗೀನ್ನ ಮುದುಕ ವ್ಯಾಯ್ನಮೊಯ್ನೆನ್‌ಗ ಕೊಡ್ತೀನಿ ಅಂತ ಮಾತ ಕೊಡ್ತಾನ. ಅವ್ವಗ ಖುಷಿ, ಮಗಳಿಗೆ ಕಣ್ಣೀರು. ಐನೊ ಹೋಗಿ ನೀರ ಪಾಲಾಗತಾಳ, ಆಮ್ಯಾಲ ಮೀನಾಗಿ ಬಂದು ಆ ಮುದುಕನ ಕೈಯಾಗ ಸಿಕ್ಕಂಗ ಮಾಡಿ, ಅಣಕಿಸಿ, ನುಣಚ್ಕೊಂಡ ಹೋಗತಾಳ.

ಆಯಿ ಸುಮ್ನ ಕೇಳಿದ್ಲು. ನಡುವ ಒಮ್ಮೆ ‘ಅಣ್ಣನ ಬಾಯಾಗ ಮಣ್ಣ ಹಾಕ’ ಅಂದ್ಲು. ಆಮ್ಯಾಲ ಇಂಥಾ ಕತೀ ಹೆಸರನ್ನ ಕೂಸಿಗೆ ಯಾರರ ಇಡ್ತಾರೇನ ಅಂತ ವೈನಿ ಕೇಳಿದ್ರ, ಆಯೀನ ತಿರುಗಿ ಅಂದಿದ್ದು, ‘ಸೀತವ್ವಗೇನ ಸುಖ ಇತ್ತು? ಓಣಿಗೆ ಇಬ್ಬರ ಸೀತವ್ವ ಇಲ್ಲೇನ?’ ಮುಗೀತು ಮಾತು.

ಇಲ್ಲಿ ಒಂದ ವಿಷಯ ಹೇಳಬೇಕು. ಐನೊದಂಥಾ ಹೆಸರು ಅವರಿಗೂ ಭಾಳ ಹಳೇವಲ್ಲ. 1809ರ ತನಕ ಆ ದೇಶ ಸ್ವೀಡನ್ ಕೈಯಾಗಿತ್ತು, ಆಮ್ಯಾಲ ರಷ್ಯಾ, ಸ್ವಾತಂತ್ರ್ಯ ಬಂದಿದ್ದು 1917ರ ಡಿಸೆಂಬರ್ 6ಕ್ಕ. ಚರ್ಚಿನ ಪುಸ್ತಕದಾಗ ಪಾದ್ರಿ ಬರೀತಿದ್ದಿದ್ದು ಸ್ವೀಡಿಶ್ ರೂಪ, ಕತರೀನಾ, ಮರಿಯಾ ಅಂತ, ಮನ್ಯಾಗ ಕರೀತಿದ್ದಿದ್ದು ಕಾಯ್ಸಾ, ಮಾಯ್ಯಾ ಅಂತ. ನಮ್ಮವ್ವನ ಕತೀನೂ ಅದ. ಮನ್ಯಾಗ ಬಸವ್ವ, ಸಾಲಿ ಹೆಡ್‌ಮಾಸ್ತರ ಬರಕೊಂಡಿದ್ದು ಭಾರತಿ, ಇವತ್ತಿಗೂ ಬ್ಯಾಂಕಿನ್ಯಾಗ ಭಾರತಿ ಅಂತ ಕರದ್ರ ಆಕಿ ಎದ್ದ ನಿಂದರಾಕ ಅರ್ಧ ನಿಮಿಷ ಬೇಕು. ಕಲೆವಲಾ ಬಂದ ಮ್ಯಾಲ, ನಮ್ಮ ಭಾಷಾ ನಮ್ಮದು ಅನ್ನೂ ಹವಾ ಎದ್ದ ಮ್ಯಾಲ, ಮಂದಿ ನೆಟ್ಟಗ ಫಿನ್ನಿಶ್ ಶಬ್ದಾನ ಹೆಸರ ಮಾಡಾಕ ಸುರು ಮಾಡಿದ್ರು. ರೌಹಾ ಅಂದ್ರ ಶಾಂತಿ, ಲೆಂಪಿ ಅಂದ್ರ ಪ್ರೀತಿ, ಲಹ್ಯಾ ಅಂದ್ರ ಉಡುಗೊರಿ, ಹಿಲ್ಯಾ ಅಂದ್ರ ಗದ್ದಲ ಇಲ್ಲದಾಕಿ, ಸಿನಿ ಅಂದ್ರ ನೀಲಿ, ಹೆಲ್ಮಿ ಅಂದ್ರ ಮುತ್ತು.

ಓದಕೋತ ಹೋದಂಗ ನನಗ ಏನೋ ಪರಿಚಯದ್ದು ಅನಸಾಕ ಹತ್ತಿತು. ರೌಹಾ ಅಂದ್ರ ಹಿತ್ತಲ ಮನಿ ಶಾಂತವ್ವ. ಸಿನಿ ಅಂದ್ರ ನಮ್ಮ ಅತ್ತಿ ನೀಲವ್ವ. ಕುಕ್ಕಾ ಅಂದ್ರ ಹೂವಕ್ಕ. ಹೆಲ್ಮಿ ಅಂದ್ರ, ನಮ್ಮ ಆಯಿ. ನಮ್ಮ ಆಯಿ ಹೆಸರು ಮುತ್ತವ್ವ.

ನೋಡ್ರಿ, ನಾವು ಈ ಹೆಸರು ಕೇಳಿದ್ರ ಮುದುಕ್ಯಾರ ಹೆಸರು ಅಂತ ಮೂಗ ಮುರೀತೀವಿ. ಆಯಿ ಹೆಸರ ಮೊಮ್ಮಗಳಿಗೆ ಇಡಬೇಕಂದ್ರೂ ಮುತ್ತವ್ವ ಹೋಗಿ ಮೌಕ್ತಿಕಾ ಆಗಬೇಕು, ನೀಲವ್ವ ಹೋಗಿ ನೀಲಿಮಾ. ಅಲ್ಲಿ ಹಂಗಲ್ಲ. ಐನೊ, ಹೆಲ್ಮಿ, ವೆನ್ಲಾ ಎಲ್ಲಾ ಮುತ್ತಜ್ಜೀರ ಹೆಸರು, ನಡುವ ನಾಕೈದ ದಶಕ ಯಾರೂ ಕೇಳಿರಲಿಲ್ಲ, ಈಗ ತಿರುಗಿ ಬಂದಾವ. ಅಂಗನವಾಡ್ಯಾಗ ಹೆಲ್ಮಿ ಅಂತ ಕರದ್ರ ಇಬ್ಬರ ಮೂವರ ಓಡಿ ಬರತಾರಂತ, ಆ ಹೆಣ್ಮಗಳು ನಗಕೋತ ಹೇಳಿದ್ಲು. ಹೆಲ್ಮಿಗೆ ಕಸ್ತೆ ಅಂತ ಮುಂದ ಹಚ್ಚಿದ್ರ ಕಸ್ತೆಹೆಲ್ಮಿ, ಅಂದ್ರ ಇಬ್ಬನಿ ಹನಿ, ಇಬ್ಬನಿ ಮುತ್ತು. ಅದೂ ಹೆಸರು. ಇದನ್ನೆಲ್ಲಾ ಆಯಿಗೆ ಹೇಳಿದೆ, ನಿನ್ನ ಹೆಸರಿನ ಕೂಸುಗೋಳು ಈಗ ಅಲ್ಲಿ ಅಂಬೆಗಾಲ ಹಾಕಾಕತ್ತಾವ ಅಂತ. ಆಕಿ ಕಡ್ಲಿ ಹಸನ ಮಾಡೂದ ನಿಲ್ಲಿಸಿ ನನ್ನ ಮಾರಿ ನೋಡಿದ್ಲು. ‘ಅಂದ್ರ ಅವರ ಊರಾಗ ನಾ ಸಣ್ಣ ಹುಡಿಗಿ ಅಂತೇನ?’ ಅಂದ್ಲು. ಹೂಂ ಅಂದೆ. ಮರದ ಮ್ಯಾಲ ಕೈ ಆಡಿಸಿಕೋತ ತನ್ನಷ್ಟಕ್ಕ ನಗಾಕ ಹತ್ತಿದ್ಲು.

ಆದ್ರ ಕೂಸಿಗೆ ಮುತ್ತವ್ವ ಅಂತ ಇಡೂಣಂದ್ರ, ‘ಬ್ಯಾಡ ಬ್ಯಾಡ, ನಾನ ಅನುಭೋಗಿಸೀನಿ ಸಾಕು’ ಅಂತ ಕಡ್ಡಿ ಮುರದಂಗ ಅಂದ್ಲು. ಅಲ್ಲಿ ಕಾಯ್ದಾದಾಗ 2019ರಿಂದ ಒಬ್ಬರಿಗೆ ನಾಕ ಹೆಸರಿನ ತನಕ ಇಡಬಹುದಂತ, ಮೊದಲ ಮೂರ ಇತ್ತು, ಹಂಗಾಗಿ ಮುಂದಿಂದು ತಮಗ ಬೇಕಾದ್ದು, ಹಿಂದಿಂದು ಅಜ್ಜೀದು ಮುತ್ತಜ್ಜೀದು, ಯಾರಿಗೂ ಸಿಟ್ಟಿಲ್ಲ. ಕ್ಯಾಲೆಂಡರಿನ್ಯಾಗ ಒಂದೊಂದ ಹೆಸರಿಗೂ ಒಂದೊಂದ ದಿನ ಬ್ಯಾರೆ, ಐನೊಂದು ಮೇ 10, ಆ ದಿನ ಐನೊ ಅನ್ನೂವರಿಗೆಲ್ಲಾ ಶುಭಾಶಯ, ಕಾಫಿ, ಕೇಕು. ನಮ್ಮ ತೂಗು ಕ್ಯಾಲೆಂಡರಿನ್ಯಾಗ ಹಾಲಿನ ಲೆಕ್ಕ ಬರಿಯಾಕ ಜಾಗ ಸಾಲಂಗಿಲ್ಲ, ಇರ್ಲಿ.

ಇನ್ನೊಂದು ಪದ್ಧತಿ ನನಗ ಭಾಳ ಸೇರಿತು. ಕೂಸಿನ ಹೆಸರು ಏನಂತ ಅವ್ವ ಅಪ್ಪ ಮೊದಲ ಬಾಯಿ ಬಿಡಾಂಗಿಲ್ಲಂತ, ನಾಮಕರಣದ ದಿನ ಎಲ್ಲಾರ ಮುಂದ ಹೇಳೂ ತನಕ ಗುಟ್ಟು. ವಾರಗಟ್ಟಲೆ ಆ ಕೂಸಿಗೆ ಏನೇನೋ ಅಡ್ಡ ಹೆಸರ ಹಿಡದು ಕರೀತಾರ. ಇನ್ನ ತೊಟ್ಟಲಾ ಅಂದ್ರಿ? ಅಲ್ಲಿ ಸರಕಾರನ ಬಾಣಂತಿಗೆ ಒಂದ ರಟ್ಟಿನ ಡಬ್ಬಿ ಕೊಡತೈತಿ, ಅದರಾಗ ಕೂಸಿನ ಅರಿವಿ, ಹೊದಿಕಿ, ಸಣ್ಣ ಗಾದಿ. ಆ ಸಾಮಾನ ತಗದ್ರ ಅದ ಡಬ್ಬ್ಯಾಗ ಕೂಸು ಮಲಗತೈತಿ. 1938ರಾಗ ಬಡವರಿಗಂತ ಸುರು ಆಗಿದ್ದು, 1949ರಿಂದ ಎಲ್ಲಾರಿಗೂ. ಆಯಿಗೆ ಇದು ಸುತಾರಾಂ ಒಪ್ಪಿಗಿ ಆಗಲಿಲ್ಲ. ನಮ್ಮನ್ಯಾಗ ಕಲಘಟಗಿ ತೊಟ್ಟಲಾ ಐತಿ, ಅರಗಿನ ಬಣ್ಣದ್ದು, ನಮ್ಮಪ್ಪ ಮಲಗಿದ್ದು, ಅಣ್ಣ ಮಲಗಿದ್ದು, ನಾ ಮಲಗಿದ್ದು. ಒಂದ ಕಡೆ ನಾನ ಹಲ್ಲ ಬರೂ ಮುಂದ ಕಡದ ಗುರ್ತನೂ ಐತಂತ. ‘ಡಬ್ಬ್ಯಾಗ ಕೂಸ ಹಾಕೂದ್ರಾಗ ಅವರ ಹೆಸರೂ ಬ್ಯಾಡ ಏನೂ ಬ್ಯಾಡ’ ಅಂತ ಒಂದ ದಿನ ಪೂರಾ ಲುಮಿ ಕ್ಯಾನ್ಸಲ್ ಆಗಿತ್ತು.

ಮರದಿನ ಮುಂಜಾನೆ ಆಕೀನ ಹಿತ್ತಲಕ್ಕ ಹೋಗಿ, ಬಚ್ಚಲ ಒಲಿಗೆ ಉರಿ ಹಾಕಿಕೋತ, ಓಣ್ಯಾಗ ಆಡೂ ಹುಡಿಗೀನ್ನ ಊಟಕ್ಕ ಕರದಂಗ ಗಂಟಲ ಬಿಚ್ಚಿ ಒದರಿದ್ಲು. ‘ಪ್ಯಾಯ್ವೀ…’ ಇದು ಹಾರಾಂಗಿಲ್ಲ, ದೂರ ಹೋಗಾಂಗಿಲ್ಲ ಅಂದ್ಲು. ‘ಸುವೀ…’ ಇದು ಪದಾ ಹಾಡಿದಂಗ ಆತು. ‘ಲುಮೀ… ಏ ಲುಮೀ…’ ಬಾಜೂ ಮನಿ ನಾಯಿ ಬೊಗಳಿತು. ‘ಹೂಂ, ಇದು ಮುಟ್ಟತೈತಿ’ ಅಂದ್ಲು. ಹಲ್ಲಿಲ್ಲದ ಬಾಯಾಗೂ ಬರತೈತಂತ, ಅದೊಂದ ಲಾಭ. ಸಂಜೀಕ ನೋಡಿದ್ರ ಆಗಲೇ ಲುಮವ್ವ ಆಗಿತ್ತು. ನಮ್ಮ ಕಡೆ ಯಾವ ದೇಶದ ಹೆಸರ ಬಂದ್ರೂ ‘ವ್ವ’ ಹಚ್ಚದ ಒಳಗ ಬಿಡಾಂಗಿಲ್ಲ.

ಹದಿಮೂರನೇ ದಿನ ತೊಟ್ಟಲಾ. ಸೋದರತ್ತಿ ನಾನ, ಹಂಗಾಗಿ ಕಿವ್ಯಾಗ ಕುರ್ ಅನ್ನೂ ಹಕ್ಕು ನಂದು, ಬೆನ್ನಿಗೆ ಗುದ್ದ ತಿನ್ನೂ ಕರ್ಮಾನೂ ನಂದ. ತೊಟ್ಟಲಾದಾಗ ಬಗ್ಗಿ ಮೂರ ಸಲ ಲುಮಿ ಅಂದೆ. ವೈನಿ ಮೆಲ್ಲಕ ‘ಇನ್ನೊಂದೂ ಅಂದಬಿಡ್ರಿ’ ಅಂದ್ಲು, ನಾವಿಬ್ಬರ ಹಿಂದಿನ ದಿನ ಮಾತಾಡ್ಕೊಂಡಿದ್ವಿ. ಮುತ್ತವ್ವ ಅಂತ ಒಂದ ಸಲ, ಭಾಳ ಸಣ್ಣ ಧ್ವನ್ಯಾಗ ಅಂದೆ. ಆಯಿಗೆ ಕಿವಿ ಮಂದ, ಕೇಳಿಸಿರಾಕಿಲ್ಲ ಅನ್ಕೊಂಡೆ. ಆದ್ರ ಬೆನ್ನಿಗೆ ಬಿದ್ದ ಗುದ್ದಿನ್ಯಾಗ ಒಂದು ಬಳಿ ಸಪ್ಪಳ ಇಲ್ಲದ್ದಿತ್ತು, ಭಾಳ ಜೋರಿತ್ತು.

ಮಂದಿ ಗುಗ್ಗರಿ ಇಸಗೊಂಡು ಹೊಂಟಾಗ ಹಿತ್ತಲ ಮನಿ ಶಾಂತವ್ವ ಆಯಿ ಕಡೆ ಬಂದು, ‘ಲುಮಿ ಅಂದ್ರ ಏನ ಬೇ? ಎಂದೂ ಕೇಳಿಲ್ಲ’ ಅಂದ್ಲು. ನಾನು ಹಿಮ, ಫಿನ್‌ಲ್ಯಾಂಡ್ ಅಂತ ಬಾಯಿ ತಗಿಯೂದ್ರಾಗ ಆಯಿ ಆಕಿ ಉಡ್ಯಾಗ ಇನ್ನೊಂದ ಬೊಗಸಿ ಗುಗ್ಗರಿ ಹಾಕಿ, ‘ಭರಣಿ, ಎರಡನೇ ಪಾದ’ ಅಂದ್ಲು.